ಸೂಜಜ್ಜ ದೇವರ ಹೆಸರು ಹೇಳಿ ಮಲಗಿದ್ದು

ಮಕ್ಕಳೇ, ಹೊಳೆ ಎರಡಾಗಿ ಸೀಳಿ ಹರಿದು, ಸ್ವಲ್ಪ ಮುಂದೆ ಮತ್ತೆ ಒಂದಾಗುವ ಜಾಗವನ್ನು ನೋಡಿದ್ದೀರಾ? ನಡುವೆ ಉಳಿಯುವ ನೆಲವೇ ನಡುಗಡ್ಡೆ. ದಟ್ಟ ಕಾಡಿನೊಳಗೆ ಅಂಥದೊಂದು ನಡುಗಡ್ಡೆ ಇತ್ತು. ಅಲ್ಲಿ ಒಂದು ಮುಳ್ಳುಹಂದಿಯೂ ಒಂದು ಮೊಲವೂ ನೆರೆಹೊರೆಯವರಾಗಿ ಬಾಳುತ್ತಿದ್ದರು.

ಮುಳ್ಳುಹಂದಿಯ ಹೆಸರು ಸೂಜಜ್ಜ. ಗಡ್ಡೆಗೆಣಸು ಅಗೆದು ತಿನ್ನುವುದು, ಬಿಲದ ಬಾಯಲ್ಲಿ ಮಲಗುವುದು, ಎಚ್ಚರವಿದ್ದಾಗ ದೇವರ ವಿಷಯ ಮಾತಾಡುವುದು, ಇಷ್ಟೇ ಅವನ ಕೆಲಸ. ಮಾತು ಮಾತ್ರ ಬಲು ಚೆಂದ!

ಮೊಲದ ಹೆಸರು ಪುಟ್ಟವ್ವ. ಅವಳಿಗೆ ಮೂರು ಮರಿಗಳು. ಎಲ್ಲಕ್ಕಿಂತ ಚಿಕ್ಕದು ಚಿಟ್ಟು. ಅದಕ್ಕೆ ಇನ್ನೂ ಸರಿಯಾಗಿ ಜಿಗಿಯಲೂ ಬರುತ್ತಿರಲಿಲ್ಲ.

ನಡುಗಡ್ಡೆಯಿಂದ ದಡಕ್ಕೆ ದಾಟಲು ಇದ್ದದ್ದು ಒಂದೇ ದಾರಿ. ಹೊಳೆಗೆ ಅಡ್ಡವಾಗಿ ಬಿದ್ದಿದ್ದ ಒಂದು ಹಳೆಯ ಮತ್ತಿಮರ.

ಒಂದು ಮಧ್ಯಾಹ್ನ ಆಕಾಶದಲ್ಲಿ ಭುಸ್ ಭುಸ್ ಎಂದು ರೆಕ್ಕೆಯ ಸದ್ದಾಯಿತು. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಕೆಂಚಣ್ಣ ಏದುಸಿರು ಬಿಡುತ್ತಾ ಬಂದು ಕೊಂಬೆಯ ಮೇಲೆ ಕೂತ.

"ಏಳಿ, ಏಳಿ! ಮೇಲೆ ಬೆಟ್ಟದಲ್ಲಿ ಮಳೆ ಹುಚ್ಚು ಹಿಡಿದು ಸುರಿದಿದೆ. ಕೆಂಪು ನೀರು ಮರಗಳನ್ನೇ ಬುಡಸಮೇತ ಕಿತ್ತುಕೊಂಡು ಬರ್ತಿದೆ. ಕಣ್ಣಾರೆ ಕಂಡೆ! ಈಗಲೇ ದಡಕ್ಕೆ ಓಡಿ!"

ಪುಟ್ಟವ್ವನ ಎರಡೂ ಕಿವಿ ನಿಮಿರಿದವು. ಆದರೆ ತಲೆ ಎತ್ತಿದರೆ ಒಂದು ಮೋಡವಿಲ್ಲ. ಹೊಳೆ ಸದ್ದಿಲ್ಲದೆ ಹರಿಯುತ್ತಿದೆ. ಏನು ಮಾಡುವುದು? ತಿಳಿದವರನ್ನು ಕೇಳೋಣವೆಂದು ಸೂಜಜ್ಜನ ಬಳಿಗೆ ಓಡಿದಳು.

ಸೂಜಜ್ಜ ಒಂದು ಗಡ್ಡೆಯನ್ನು ಅರ್ಧ ತಿಂದು, ಉಳಿದರ್ಧ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದ.

"ಗಾಬರಿ ಯಾಕೆ ಮಗಳೇ? ಕೂತ್ಕೋ," ಎಂದ. "ಮುಂದೆ ಆಗೋದೆಲ್ಲ ದೇವರಿಗೆ ಮೊದಲೇ ಗೊತ್ತು. ಹೌದೋ ಅಲ್ಲವೋ?"

"ಹೌದಜ್ಜ."

"ನಾವು ಉಳೀತೀವಿ ಅಂತ ಅವನಿಗೆ ಗೊತ್ತಿದ್ದರೆ, ಕೂತರೂ ಉಳೀತೀವಿ. ಮುಳುಗ್ತೀವಿ ಅಂತ ಗೊತ್ತಿದ್ದರೆ, ಓಡಿದರೂ ಮುಳುಗ್ತೀವಿ. ಮತ್ತೆ ಈ ಬಿಸಿಲಲ್ಲಿ ಕಾಲು ನೋಯಿಸಿಕೊಳ್ಳೋದು ಯಾಕೆ?"

ಪುಟ್ಟವ್ವನಿಗೆ ಅದೂ ನಿಜವೆನಿಸಿತು. ಪಾಪ, ಕೂತುಬಿಟ್ಟಳು!

ಕೆಂಚಣ್ಣನಿಗೆ ತಡೆಯಲಾಗಲಿಲ್ಲ. ಸರ್ರನೆ ಕೆಳಗಿಳಿದು ಸೂಜಜ್ಜನ ಅರ್ಧ ಗಡ್ಡೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಮತ್ತೆ ಕೊಂಬೆಗೆ ಹಾರಿದ.

"ಏಯ್! ಅದು ನನ್ನದು! ಕೊಡೋ ಇಲ್ಲಿ!" ಸೂಜಜ್ಜ ಮುಳ್ಳುಗಳನ್ನು ಗಲಗಲ ಅಲ್ಲಾಡಿಸುತ್ತಾ ಮರದ ಬುಡಕ್ಕೆ ಓಡಿಬಂದ.

ಕೆಂಚಣ್ಣ ಗಡ್ಡೆಯನ್ನು ಕಾಲಡಿ ಒತ್ತಿಕೊಂಡು ಕೇಳಿದ: "ಯಾಕಜ್ಜ ಓಡಿ ಬಂದಿರಿ? ಇದು ನಿಮ್ಮ ಹೊಟ್ಟೆಗೆ ಸೇರುತ್ತೋ ಇಲ್ಲವೋ ದೇವರಿಗೆ ಗೊತ್ತೇ ಇದೆಯಲ್ಲ. ಮಲಗಿಯೇ ಇರಬಹುದಿತ್ತು!"

ಸೂಜಜ್ಜ ಗಡ್ಡೆಯನ್ನೇ ನೋಡುತ್ತಾ ಮರದ ಬುಡವನ್ನು ಕೆರೆದ.

ಪುಟ್ಟವ್ವ ಚಂಗನೆ ಎದ್ದಳು. "ಗಡ್ಡೆಗಾದರೆ ಓಡ್ತೀರಿ, ಜೀವಕ್ಕಾದರೆ ಮಲಗ್ತೀರಾ? ನಾನು ಹೊರಟೆ ಅಜ್ಜ. ನೀವೂ ಬನ್ನಿ!"

"ಗಡ್ಡೆಯ ಮಾತೇ ಬೇರೆ," ಎಂದು ಗೊಣಗುತ್ತಾ ಸೂಜಜ್ಜ ಬಿಲಕ್ಕೆ ಮರಳಿದ.

"ಕೆಳಗಿನವರಿಗೂ ಸುದ್ದಿ ಮುಟ್ಟಿಸಬೇಕು!" ಎಂದು ಕೆಂಚಣ್ಣ ಹೊಳೆಗುಂಟ ಹಾರಿಹೋದ.

ಪುಟ್ಟವ್ವ ಹಿರಿಯ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮತ್ತಿಮರದ ಮೇಲೆ ಓಡಿದಳು. ದಡದಲ್ಲಿಳಿಸಿ ಮರಳಿ ಬಂದಳು. ಎರಡನೆಯದನ್ನು ಎತ್ತಿಕೊಂಡಳು. ಅಷ್ಟರಲ್ಲಿ ದೂರದಲ್ಲಿ ಗುಡುಗಿನಂಥ ಸದ್ದು! ಹೊಳೆಯ ಬಣ್ಣ ಕೆಂಪಾಯಿತು. ಅವಳು ದಡ ಮುಟ್ಟಿ ತಿರುಗಿ ನೋಡುತ್ತಾಳೆ, ನೀರು ಮತ್ತಿಮರದ ಮೇಲೇ ಹತ್ತಿ ಹರಿಯುತ್ತಿದೆ!

ಆಚೆ ತುದಿಯಲ್ಲಿ ಚಿಟ್ಟು ಒಂದೇ ಕೂತಿತ್ತು.

ಪುಟ್ಟವ್ವ ಮರದ ಮೇಲೆ ಕಾಲಿಟ್ಟಳು. ಹಗುರವಾದ ಮೈ, ನೀರು ಅವಳನ್ನು ಎತ್ತಿ ದಡಕ್ಕೇ ಎಸೆಯಿತು. ಮತ್ತೆ ಕಾಲಿಟ್ಟಳು, ಮತ್ತೆ ಎಸೆಯಿತು. ಸೂಜಜ್ಜನ ಮಾತು ಕೇಳಿ ಕೂತು ಕಳೆದ ಗಳಿಗೆಗಳನ್ನು ನೆನೆದು ಅವಳ ಎದೆ ಒಡೆಯುವಂತಾಯಿತು.

"ಅಜ್ಜಾ! ನನ್ನ ಕೂಸು!" ಎಂದು ಕಿರುಚಿದಳು.

ಸೂಜಜ್ಜನ ಬಿಲಕ್ಕೂ ನೀರು ನುಗ್ಗಿತ್ತು. ಹೊರಗೆ ಬಂದರೆ ಎದುರಿಗೇ ಚಿಟ್ಟು. ಒದ್ದೆಯಾಗಿ ಗಡಗಡ ನಡುಗುತ್ತಿತ್ತು.

"ಅಜ್ಜ, ನಾನು ಮುಳುಗ್ತೀನಿ ಅಂತ ದೇವರಿಗೆ ಗೊತ್ತಾ?" ಎಂದು ಅದು ಕೇಳಿತು.

ಮಕ್ಕಳೇ, ಸೂಜಜ್ಜನ ಬಾಯಲ್ಲಿ ಆ ಹಳೆಯ ಮಾತು ತಯಾರಾಗಿಯೇ ಇತ್ತು. ಆದರೆ ಆ ಪುಟ್ಟ ಮುಖ ನೋಡಿದಾಗ ಅವನು ಅದನ್ನು ನುಂಗಿಕೊಂಡ.

"ನನಗೆ ಗೊತ್ತಿಲ್ಲ ಕೂಸೇ," ಎಂದ. "ನನಗೆ ಗೊತ್ತೇ ಇಲ್ಲ. ಕಣ್ಣು ಮುಚ್ಕೋ!"

ಚಿಟ್ಟುವಿನ ಕತ್ತಿನ ತೊಗಲನ್ನು ಮೆಲ್ಲಗೆ ಕಚ್ಚಿ ಹಿಡಿದು, ಸೂಜಜ್ಜ ಮತ್ತಿಮರಕ್ಕೆ ಹತ್ತಿಯೇ ಬಿಟ್ಟ! ಭಾರದ ಮೈ, ಗಟ್ಟಿ ಉಗುರು. ಒಂದೊಂದೇ ಉಗುರನ್ನು ತೊಗಟೆಗೆ ಊರಿ ಹೆಜ್ಜೆಯಿಟ್ಟ. ನೀರು ಹೊಟ್ಟೆಗೆ ಬಂತು. ಎದೆಗೆ ಬಂತು. ಮರ ಕಿರ್ರೆಂದು ಅಲುಗಿತು.

"ಇನ್ನು ನಾಲ್ಕೇ ಹೆಜ್ಜೆ ಅಜ್ಜ! ಬನ್ನಿ, ಬನ್ನಿ!" ಪುಟ್ಟವ್ವ ಕೂಗುತ್ತಲೇ ಇದ್ದಳು.

ಆಗ ತೇಲಿಬಂದ ದಿಮ್ಮಿಯೊಂದು ಧಡಾರನೆ ಬಡಿಯಿತು. ಮತ್ತಿಮರ ಹೊರಳಿತು. ಸೂಜಜ್ಜ ಕಣ್ಣು ಮುಚ್ಚಿ ಹಾರಿದ! ಜೀವಮಾನದಲ್ಲಿ ಅವನು ಹಾರಿದ್ದು ಅದೊಂದೇ ಸಲ. ದಡದ ಕೆಸರಿನಲ್ಲಿ ದೊಪ್ಪನೆ ಬಿದ್ದ. ಬೆನ್ನ ಮುಳ್ಳುಗಳಲ್ಲಿ ಅರ್ಧ ಹೊಳೆಯ ಪಾಲಾಗಿತ್ತು. ಬಾಯಲ್ಲಿ ಚಿಟ್ಟು ಮಾತ್ರ ಭದ್ರವಾಗಿತ್ತು.

ಪುಟ್ಟವ್ವ ಕೂಸನ್ನು ನೆಕ್ಕಿದಳು, ಅತ್ತಳು, ನಕ್ಕಳು, ಮತ್ತೆ ನೆಕ್ಕಿದಳು. ಅವರ ಕಣ್ಣೆದುರೇ ನಡುಗಡ್ಡೆ ನೀರಿನೊಳಗೆ ಮಾಯವಾಯಿತು.

ಸಂಜೆಗೆ ಕೆಂಚಣ್ಣ ಮರಳಿ ಬಂದ. ಸೂಜಜ್ಜ ಮೆಲ್ಲನೆ ಕೇಳಿದ: "ನಾನು ಎದ್ದು ಬರ್ತೀನಿ ಅಂತಲೂ ದೇವರಿಗೆ ಮೊದಲೇ ಗೊತ್ತಿತ್ತೇನೋ ಕೆಂಚ?"

"ಗೊತ್ತಿದ್ದಿರಬೇಕು ಅಜ್ಜ. ಮೇಲೆ ಹಾರುವಾಗ ನನಗೆ ಬೆಟ್ಟದ ನೀರೂ ಕಾಣ್ತಿತ್ತು, ಇಲ್ಲಿ ಮಲಗಿದ್ದ ನೀವೂ ಕಾಣ್ತಿದ್ದಿರಿ, ಎರಡೂ ಒಂದೇ ನೋಟಕ್ಕೆ. ದೇವರು ನನಗಿಂತ ಎಷ್ಟೋ ಎತ್ತರದಲ್ಲಿರೋನು. ನಿನ್ನೆ, ಇವತ್ತು, ನಾಳೆ ಅವನಿಗೆ ಹೀಗೇ ಒಟ್ಟಿಗೆ ಕಾಣಬಹುದು. ಆದರೆ ನಾನು ನೋಡಿದ್ದಕ್ಕೆ ನೀವು ಮಲಗಿದಿರಾ? ಮಲಗಿದ್ದೂ ನೀವೇ, ಎದ್ದದ್ದೂ ನೀವೇ."

ಪುಟ್ಟವ್ವ ಮರಿಗಳ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು: "ನನ್ನ ಕೂಸನ್ನು ತಂದುಕೊಟ್ಟಿರಿ, ನಿಮ್ಮ ಕಾಲಿಗೆ ಬೀಳ್ತೀನಿ ಅಜ್ಜ. ಆದರೆ ಇನ್ನೊಂದು ಸಲ ಸೋಮಾರಿತನ ಬಂದರೆ, ಸೋಮಾರಿತನ ಅಂತಲೇ ಹೇಳಿ. ಅದಕ್ಕೆ ದೇವರ ಹೆಸರು ಇಡಬೇಡಿ."

ಸೂಜಜ್ಜ ತಲೆ ತಗ್ಗಿಸಿದ. ಆಮೇಲೆ ಎದ್ದು ಎತ್ತರದ ದಿಣ್ಣೆಗೆ ಹೋಗಿ, ಯಾರೂ ಹೇಳದಿದ್ದರೂ, ಮೂರು ಮರಿಗಳಿಗೂ ಹಿಡಿಸುವಷ್ಟು ದೊಡ್ಡ ಬಿಲ ತೋಡತೊಡಗಿದ.

ನೀತಿ: ನಾಳೆ ಏನೆಂಬುದು ದೇವರಿಗೆ ಗೊತ್ತಿರಬಹುದು, ಇಂದು ಏಳಬೇಕೋ ಮಲಗಬೇಕೋ ಎಂಬುದನ್ನು ಅವನು ನಮ್ಮ ಕೈಗೇ ಬಿಟ್ಟಿದ್ದಾನೆ.