ಹೆಸರು ಹೇಳದ ಬಟನ್‌ಗಳು

ಕಣ್ಣು ಕಾಣದ ಇಂದುಮತಿ ಟೀಚರ ಕಂಪ್ಯೂಟರಿನಲ್ಲಿ ಪತ್ರ ಬರೆಯುವ ಹಳೆಯ ಪ್ರೋಗ್ರಾಂ ಒಂದಿತ್ತು. ಅದು ಆ ಯಂತ್ರಕ್ಕೆಂದೇ ಹುಟ್ಟಿದ್ದು. ಟೀಚರ್ ಕೀಲಿ ಒತ್ತಿದಂತೆ ಅದರ ಬಟನ್‌ಗಳು ‘ಉಳಿಸು’, ‘ಕಳಿಸು’ ಎಂದು ತಮ್ಮ ಹೆಸರನ್ನು ಯಂತ್ರಕ್ಕೆ ಹೇಳುತ್ತಿದ್ದವು. ಯಂತ್ರ ಅದನ್ನು ಗಟ್ಟಿಯಾಗಿ ಓದುತ್ತಿತ್ತು.

ಒಂದು ದಿನ ಹೊಸ ಪ್ರೋಗ್ರಾಂ ಬಂತು.

“ನಾನು ಮೂರು ಬೇರೆ ಬೇರೆ ಬಗೆಯ ಕಂಪ್ಯೂಟರುಗಳಲ್ಲೂ ಒಂದೇ ಚಂದದ ಮುಖ ತೋರಿಸುತ್ತೇನೆ. ಈ ಮನೆ ಬಿಟ್ಟರೆ ನಿನಗೇನು ಗೊತ್ತು, ಅಜ್ಜ?” ಎಂದಿತು.

“ಏನೂ ಗೊತ್ತಿಲ್ಲಪ್ಪ. ಈ ಮನೆಯ ಮಾತೊಂದು ಗೊತ್ತು,” ಎಂದಿತು ಹಳೆಯದು.

ಹೊಸದು ಬಂತಲ್ಲ ಎಂದು ಟೀಚರ್ ಹಳೆಯದನ್ನು ತೆಗೆದುಹಾಕಿದರು. ಆಮೇಲೆ ಕಾಯಿಲೆ ಬಿದ್ದ ತಂಗಿಗೆ ಬೆಳಗಿನಿಂದ ಕೂತು ಉದ್ದದ ಪತ್ರ ಬರೆದು, ಕಳಿಸಲು ಹೊರಟರು. ಯಂತ್ರ “ಬಟನ್, ಬಟನ್, ಬಟನ್” ಎಂದಿತಷ್ಟೆ. ಹೊಸ ಪ್ರೋಗ್ರಾಂ ತಾನೇ ಚಿತ್ರದಂತೆ ಬಿಡಿಸಿಕೊಂಡ ಬಟನ್‌ಗಳಿಗೆ ಯಾವ ಮನೆಯ ಮಾತೂ ಬರುತ್ತಿರಲಿಲ್ಲ. ‘ಕಳಿಸು’ ಬಟನ್ ಹಸಿರಾಗಿ ಹೊಳೆಯುತ್ತಲೇ ಇತ್ತು.

ಟೀಚರ್ ಅಂದಾಜಿನ ಮೇಲೆ ಒಂದನ್ನು ಒತ್ತಿದರು. ಪತ್ರ ಅಳಿಸಿಹೋಯಿತು; ಯಂತ್ರ ಆಗಲೂ “ಬಟನ್” ಎಂದಿತಷ್ಟೆ.

“ಅಜ್ಜ, ಹೆಸರು ಹೇಳುವುದು ಹೇಗೆ? ನನಗೂ ಕಲಿಸು!” ಎಂದು ಹೊಸ ಪ್ರೋಗ್ರಾಂ ಕೂಗಿಕೊಂಡಿತು.

ಅಜ್ಜನಿದ್ದ ಜಾಗ ಖಾಲಿಯಾಗಿತ್ತು. ಟೀಚರ್ ಮಾತ್ರ, ಪತ್ರ ಹೋಯಿತೆಂದೇ ತಿಳಿದು, ತಂಗಿಯ ಉತ್ತರಕ್ಕೆ ಕಾಯುತ್ತ ಕೂತರು.