ಕಾಗೆ ಮುಟ್ಟದ ಎಡೆ

ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಆ ಕದ ಮುಂದಕ್ಕೆ ಹಾಕಿ. ಈ ಮಾತು ನಿಮ್ಮ ಕಿವಿಗೆ ಬಿದ್ದದ್ದು ಕಿವಿಯಲ್ಲೇ ಕೊಳೆಯಬೇಕು. ಬಾಯಿಗೆ ಬಂತೋ, ನಿಮ್ಮ ಮಕ್ಕಳಾಣೆ.

ಹೊಳೆದಂಡೆಯಲ್ಲಿ ಒಬ್ಬಳು ಸತ್ತವಳು ಇದ್ದಳು. ದಿನಾ ನೀರು ಹೊರುತ್ತಿದ್ದಳು, ಕಸ ಗುಡಿಸುತ್ತಿದ್ದಳು, ಎರಡು ಮುದ್ದೆ ಉಣ್ಣುತ್ತಿದ್ದಳು.

ಹೆಸರು ಚಿಕ್ಕತಾಯಿ. ಹೊಳೆಯಾಚೆಯ ಊರಿನ ಸಣ್ಣಬೋರಯ್ಯನಿಗೆ ಒಬ್ಬಳೇ ಮಗಳು. ತಾಯಿಯಿಲ್ಲದ ಹುಡುಗಿ ಅಂತ ಅಪ್ಪ ತಲೆಯ ಮೇಲೆ ಕೂರಿಸಿಕೊಂಡಿದ್ದ. ಇಳಿದವಳು ಎಲ್ಲಿಗೆ ಹೋದಳು ಗೊತ್ತೇ? ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವ ಕಿರಿಸ್ತಾನರ ಹುಡುಗನ ಹಿಂದೆ. ಮದುವೆಗೂ ಹೆಣಕ್ಕೂ ಒಂದೇ ಬಾಯಲ್ಲಿ ಊದುವವನನ್ನು ನಂಬಿದವಳಿಗೆ ಏನು ಹೇಳೋಣ! ಹೊಸ ಸೀರೆಯ ಗಂಜಿ ಹೋಗುವ ಮೊದಲೇ, ಇನ್ನೊಂದು ಊರಿನ ಹಬ್ಬಕ್ಕೆ ಊದಿಬರುತ್ತೇನೆ ಅಂತ ಹೋದ ಪುಣ್ಯಾತ್ಮ ಇನ್ನೂ ಊದುತ್ತಲೇ ಇದ್ದಾನೆ.

ಅಪ್ಪನೂ ಸುಮ್ಮನೆ ಕೂರಲಿಲ್ಲ. ಮಗಳು ಮನೆ ಬಿಟ್ಟ ಹನ್ನೊಂದನೇ ದಿನ ಹೊಳೆಗೆ ಇಳಿದು ಅವಳ ಹೆಸರಿನಲ್ಲಿ ಮಡಕೆ ಒಡೆದ. ತಲೆ ಬೋಳಿಸಿಕೊಂಡ. ತಿಥಿ ಊಟ ಹಾಕಿಸಿದ. ಊರಿಗೆ ಊರೇ ಉಂಡು, ಬಾಯಿ ಒರೆಸಿಕೊಂಡು, ಅಯ್ಯೋ ಪಾಪ ಅಂದು ಹೋಯಿತು. ಅಲ್ಲಿಗೆ ಚಿಕ್ಕತಾಯಿ ಸತ್ತಳು.

ಸತ್ತವಳಿಗೆ ಜಾಗ ಕೊಟ್ಟವಳು ಮದಲಮ್ಮ. ಕಿರಿಸ್ತಾನರಿಗೆ ಉಪದೇಶ ಹೇಳುವ ಮುದುಕಿ. ಈಚೆ ದಂಡೆಯ ಹುಣಸೆಮರದ ಕೆಳಗೆ ಒಂದು ಜಪದ ಕೋಣೆ, ಅದರ ಮಗ್ಗುಲಲ್ಲಿ ಎರಡು ಗುಡಿಸಲು. ಅಷ್ಟಕ್ಕೇ ಆಶ್ರಮ ಅಂತ ಹೆಸರು. ಒಂದು ಗುಡಿಸಲಲ್ಲಿ ಮುದುಕಿ, ಪಕ್ಕದ್ದರಲ್ಲಿ ಇವಳು.

ದೇವರ ಮಗ ಸತ್ತು ಎದ್ದು ಬಂದ ಈಸ್ಟರ್ ಹಬ್ಬಕ್ಕೆ ಇವಳಿಗೆ ಜ್ಞಾನಸ್ನಾನ ಮಾಡಿಸಿ ಕಿರಿಸ್ತಾನರಿಗೆ ಸೇರಿಸಿಕೊಳ್ಳುವುದು ಅಂತ ಗೊತ್ತಾಗಿತ್ತು. ಅಷ್ಟರಲ್ಲಿ ಪರಲೋಕದ ಜಪ ಬಾಯಿಗೆ ಬರಬೇಕು.

ಚಿಕ್ಕತಾಯಿ ಬಾಯಿ ತೆರೆದಳು. ಮೊದಲ ಮಾತೇ ಹೊರಡಲಿಲ್ಲ. ಆ ಜಪ ಶುರುವಾಗುವುದೇ ದೇವರನ್ನು ಅಪ್ಪ ಅಂತ ಕರೆಯುವುದರಿಂದ.

"ಒಡೆಯಾ ಅಂತೀನಮ್ಮ," ಅಂದಳು.

"ಬೇಡ."

"ದೊರೆ ಅಂತೀನಿ. ಕಾಲಿಗೆ ಬೀಳ್ತೀನಿ. ಜೀತದವಳ ಹಾಗೆ ಬಾಗಿಲಲ್ಲಿ ಬಿದ್ದಿರ್ತೀನಿ."

ಮದಲಮ್ಮ ವೀಳ್ಯದೆಲೆಗೆ ಸುಣ್ಣ ಸವರಿದಳು. "ದೊರೆ ಮನೆಯಲ್ಲಿ ಕೂಲಿ ಸಿಗುತ್ತೆ. ಅಪ್ಪನ ಮನೆಯಲ್ಲಿ ಬೈಗುಳ ಸಿಗುತ್ತೆ. ಯಾವುದು ಬೇಕು ನೋಡಿಕೋ."

"ಅಪ್ಪ ಅಂದರೆ ನನಗೆ ಮಡಕೆ ಒಡೆದ ಸದ್ದು ಕೇಳುತ್ತೆ."

"ಕೇಳಲಿ. ಕಿವುಡಿಯಾಗಿದ್ದಿದ್ದರೆ ಕಷ್ಟವಿತ್ತು."

ಆ ಒಂದು ಮಾತು ಬರದಿದ್ದರೆ ಸ್ನಾನವಿಲ್ಲ. ಸ್ನಾನವಿಲ್ಲದಿದ್ದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಒಬ್ಬ ಅಪ್ಪ ಸಾಯಿಸಿದ್ದ. ಇನ್ನೊಬ್ಬನನ್ನು ಕರೆಯಲಾಗುತ್ತಿಲ್ಲ. ಬದುಕುವುದಾದರೂ ಯಾರ ಮಗಳಾಗಿ?

ಜಪದ ಕೋಣೆಗೆ ಹೋಗುವಾಗಲೆಲ್ಲ ಅವಳು ಹೊರಗೆ ನಿಂತು ಬಾಗಿಲು ತಟ್ಟುತ್ತಿದ್ದಳು. ಒಳಗೆ ಯಾರೂ ಇಲ್ಲದಾಗಲೂ.

ಮದಲಮ್ಮ ಒಂದು ದಿನ ಹಿಡಿದಳು. "ನಿಮ್ಮಪ್ಪನ ಮನೆಗೂ ಬಾಗಿಲು ತಟ್ಟಿಯೇ ಹೋಗ್ತಿದ್ದೆಯೇನೇ?"

"ಇಲ್ಲಮ್ಮ. ತಟ್ಟದೇ ಹೋಗ್ತಿದ್ದೆ. ಹೇಳದೇ ಹೊರಗೆ ಬಂದೆ."

"ನಾಲಿಗೆ ಮಾತ್ರ ಸತ್ತಿಲ್ಲ ನಿನ್ನದು," ಅಂದಳು ಮುದುಕಿ.

ಈ ಮುದುಕಿಯದೂ ಒಂದು ಕಥೆ ಇತ್ತು, ಕೇಳಿ. ಜಪದ ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಯಾರ ಜೊತೆಗೋ ಮಾತಾಡುತ್ತಾಳೆ ಅಂತ ದಂಡೆಯ ಹೆಂಗಸರೆಲ್ಲ ಆಡಿಕೊಳ್ಳುತ್ತಿದ್ದರು. ಆ ವಯಸ್ಸಿನಲ್ಲಿ ಯಾರನ್ನು ಇಟ್ಟುಕೊಂಡಿದ್ದಾಳೋ ಅಂತ ನಗು. ಚಿಕ್ಕತಾಯಿ ಒಂದು ಸಂಜೆ ಕದಕ್ಕೆ ಕಿವಿ ಕೊಟ್ಟಳು.

"ನಿನಗೆ ಬುದ್ಧಿ ಇದೆಯೇನಪ್ಪಾ?" ಒಳಗೆ ಮುದುಕಿಯ ದನಿ. "ನನ್ನ ಮಂಡಿ ನೋವು ನಿನಗೆ ಕಾಣಲ್ಲ. ಆ ಹುಡುಗಿಯ ಅಳು ಕೇಳಲ್ಲ. ದೊಡ್ಡವನು ಅನ್ನಿಸಿಕೊಂಡು ಕೂತರೆ ಸಾಕೇನು?"

ಆಮೇಲೆ ಸದ್ದಿಲ್ಲ. ಎದುರಿಗಿದ್ದವರ ಮಾತನ್ನು ಕೇಳಿಸಿಕೊಳ್ಳುವಾಗ ಇರುತ್ತದಲ್ಲ, ಆ ಥರದ ಸದ್ದಿಲ್ಲದಿರುವಿಕೆ. ಅದು ಉದ್ದವಾಗುತ್ತಾ ಹೋಯಿತು. ಕೊನೆಗೆ ಮುದುಕಿ ನಕ್ಕಳು. "ಸರಿ ಬಿಡು, ನೀನು ಹೇಳಿದ ಹಾಗೇ ಆಗಲಿ."

ಚಿಕ್ಕತಾಯಿ ಕದದಿಂದ ಹಿಂದೆ ಸರಿದಳು. ಕದ ತೆರೆಯಿತು. ಒಳಗೆ ಒಂದು ದೀಪ, ಒಂದು ಶಿಲುಬೆ, ಒಂದು ಚಾಪೆ. ಬೇರೆ ಬಾಗಿಲಿಲ್ಲ.

"ಒಳಗೆ ಯಾರಿದ್ದರಮ್ಮ?"

"ಅಪ್ಪ."

"ಏನಂದರು?"

"ಮುನಿಸಿಕೊಂಡಿದ್ದಾನೆ. ನಿನ್ನ ಮೇಲೆ."

"ನಾನೇನು ಮಾಡಿದೆ?"

"ಒಂದೇ ಮನೆಯಲ್ಲಿದ್ದುಕೊಂಡು ಮಾತಾಡಿಸದೇ ಓಡಾಡ್ತೀಯಂತೆ."

ಅಂದಿನಿಂದ ಚಿಕ್ಕತಾಯಿಗೆ ಹಗಲಲ್ಲೂ ಬೆನ್ನ ಹಿಂದೆ ಯಾರೋ ಇದ್ದಂತೆ. ಅಂಗಳ ಗುಡಿಸುವಾಗ ತಿರುಗಿ ನೋಡುವಳು. ಅಲ್ಲಿ ಮರ, ಹೊಳೆ, ಅಷ್ಟೇ.

ಜನರ ಮುಖ ನೋಡಬೇಕು ಅನ್ನಿಸಿತು. ಒಂದು ಮಧ್ಯಾಹ್ನ ತಡೆಯಲಾರದೇ ಹೊಳೆ ದಾಟಿದಳು. ಬೇಸಿಗೆ ನೀರು, ಮೊಣಕಾಲು ಮುಳುಗಲಿಲ್ಲ. ತಾನು ಆಡಿ ಬೆಳೆದ ಬೀದಿಯಲ್ಲಿ ನಡೆದಳು.

ನಲ್ಲಿಯ ಹತ್ತಿರ ಹಳೆಯ ಗೆಳತಿ ಕೊಡ ಹಿಡಿದಿದ್ದಳು. "ಏನೇ, ಚೆನ್ನಾಗಿದ್ದೀಯಾ?" ಅಂದಳು ಚಿಕ್ಕತಾಯಿ. ಗೆಳತಿಯ ಕಣ್ಣು ಅವಳ ಮುಖದ ಮೇಲೆ ಬಂತು. ನಿಲ್ಲಲಿಲ್ಲ. ಹಾದು ಹಿಂದಿನ ಗೋಡೆಯ ಮೇಲೆ ಹೋಗಿ ಕೂತಿತು. ಕೊಡ ತುಂಬಿ ಹರಿಯುತ್ತಿತ್ತು.

ಜಗುಲಿಯ ಮೇಲಿನ ಗಂಡಸರ ಮಾತು ಅರ್ಧಕ್ಕೂ ನಿಲ್ಲಲಿಲ್ಲ. ಒಂದು ಕೂಸು ಮಾತ್ರ ಅವಳ ಕಡೆ ಬೆರಳು ತೋರಿಸಿತು. ಅದರ ತಾಯಿ ಓಡಿಬಂದು ಕೂಸಿನ ಕಣ್ಣು ಮುಚ್ಚಿ, ಹಣೆಗೆ ಬೂದಿ ಒತ್ತಿದಳು.

ಮನೆ ಬಾಗಿಲಲ್ಲಿ ಅವಳೇ ಅನ್ನ ಹಾಕಿ ಸಾಕಿದ ನಾಯಿ ಮಲಗಿತ್ತು. ಅದೂ ಏಳಲಿಲ್ಲ.

ವಾಪಸು ಬರುವಾಗ ಚಿಕ್ಕತಾಯಿ ನೆಲ ನೋಡಿಕೊಂಡೇ ಬಂದಳು, ತನಗೆ ನೆರಳು ಇದೆಯೋ ಇಲ್ಲವೋ ಅಂತ. ನಡುನೆತ್ತಿಯ ಬಿಸಿಲು. ಎಷ್ಟು ಹುಡುಕಿದರೂ ನೆರಳು ಕಾಣಲಿಲ್ಲ.

"ಅಮ್ಮಾ, ನಾನು ನಿಜವಾಗಲೂ ಸತ್ತಿದ್ದೀನಾ?"

ಮದಲಮ್ಮ ಮೈಲಿಗೆ ಬಟ್ಟೆಯ ಗಂಟನ್ನು ಅವಳ ಮೇಲೆ ಎಸೆದಳು. "ಒಗೆದು ನೋಡು. ಕೊಳೆ ಹೋದರೆ ಬದುಕಿದ್ದೀಯ."

ಕೊಳೆ ಹೋಯಿತು. ಭಯ ಹೋಗಲಿಲ್ಲ.

ಹಬ್ಬಕ್ಕೆ ಇನ್ನೊಂದು ವಾರ ಇತ್ತು. ಚಿಕ್ಕತಾಯಿ ಸತ್ತು ವರ್ಷ ತುಂಬಿತು.

ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ಎದುರು ದಂಡೆಗೆ ಸಣ್ಣಬೋರಯ್ಯ ಬಂದ, ಹಿಂದೆ ನಾಲ್ಕಾರು ನೆಂಟರು. ಬಂಡೆಯ ಮೇಲೆ ಬಾಳೆಯೆಲೆ ಹಾಸಿದರು. ಮುದ್ದೆ, ಕೋಳಿ ಸಾರು, ವಡೆ, ಪಾಯಸ. ಪಕ್ಕದಲ್ಲಿ ಅವಳ ನೀಲಿ ಸೀರೆ. ಚಿಕ್ಕತಾಯಿ ತನ್ನ ತಿಥಿಯ ಎಡೆಯನ್ನು ತಾನೇ ನಿಂತು ನೋಡಿದಳು.

ಎಡೆಯನ್ನು ಮೊದಲು ಕಾಗೆ ಮುಟ್ಟಬೇಕು. ಆಮೇಲೆಯೇ ಮನೆಯವರ ಬಾಯಿಗೆ ನೀರು, ಅನ್ನ. ಕಾಗೆ ಬರಲಿಲ್ಲ ಅಂದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ. ಏನು ಬೇಕು ಅಂತ ಕೇಳಬೇಕು, ನಡೆಸಿಕೊಡುತ್ತೇವೆ ಅಂತ ಮಾತು ಕೊಡಬೇಕು. ಆಸೆ ತೀರುವ ಮಾತು ಸಿಕ್ಕಿತೋ, ಕಾಗೆ ಹಾರಿ ಬರುತ್ತದೆ.

ಆಚೆ ದಂಡೆಗೆ ಒಂದು ಕಾಗೆಯೂ ಬರಲಿಲ್ಲ.

ಯಾಕೆ ಅಂತ ಚಿಕ್ಕತಾಯಿ ತಲೆಯೆತ್ತಿದಳು. ಹುಣಸೆಮರ ಕಪ್ಪಾಗಿತ್ತು. ಕೊಂಬೆ ಕೊಂಬೆಗೂ ಕಾಗೆ. ಗುಡಿಸಲ ಮೇಲೆ ಕಾಗೆ. ಕೈಗೆಟುಕುವ ಹಾಗೆ ಒಗೆಯುವ ಕಲ್ಲಿನ ತುದಿಯಲ್ಲೂ ಕಾಗೆ. ಒಂದೂ ಕೂಗುತ್ತಿರಲಿಲ್ಲ. ಎಲ್ಲವೂ ಕತ್ತು ವಾರೆ ಮಾಡಿ ಅವಳನ್ನೇ ನೋಡುತ್ತಿದ್ದವು.

"ಮಗಳೇ, ಏನು ಬೇಕವ್ವಾ?" ಆಚೆಯಿಂದ ಸಣ್ಣಬೋರಯ್ಯ ಆಕಾಶಕ್ಕೆ ಮುಖವೆತ್ತಿ ಕೂಗಿದ.

ಕಾಗೆಗಳು ಅಲುಗಲಿಲ್ಲ.

"ನಿನ್ನ ನೀಲಿ ಸೀರೆ ತಂದಿದ್ದೀನಿ. ನಿಮ್ಮವ್ವನ ಓಲೆ ಬೇಕಾ? ತಂದಿಡ್ತೀನಿ. ಸಾರಿಗೆ ಖಾರ ಮುಂದಾಗಿ ಹಾಕಿಸಿದ್ದೀನಿ, ನಿನಗೆ ಹಾಗೇ ಅಲ್ವಾ ಬೇಕಾಗಿದ್ದುದು!"

ಮಗಳು ನೇರ ಎದುರಿಗೇ ನಿಂತಿದ್ದಳು. ಅವನ ಕಣ್ಣು ಅವಳ ಮೇಲೆ ಹಾದು ಮರಕ್ಕೆ ಹೋಯಿತು, ಮರದಿಂದ ಮೋಡಕ್ಕೆ.

"ಅಮ್ಮಾ, ಈ ಕಾಗೆಗಳನ್ನ ಓಡಿಸಿ!"

ಮದಲಮ್ಮ ಬಾಗಿಲಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದಳು. "ಅವು ಬಂದಿರೋದು ನನ್ನ ನೋಡೋಕಲ್ಲ."

"ನಾನೇನು ಮಾಡಲಿ?"

"ನನ್ನ ಯಾಕೆ ಕೇಳ್ತೀಯ? ಅಲ್ಲಿ ನಿಮ್ಮಪ್ಪ ನಿನ್ನ ಕೇಳ್ತಿದ್ದಾನೆ."

"ಅವನು ನನ್ನಪ್ಪ ಅಲ್ಲ! ನನಗಿನ್ನು ಮೇಲಿರೋನು ಒಬ್ಬನೇ ಅಪ್ಪ."

"ಹೌದಾ? ಅವನನ್ನಾದರೂ ಒಂದು ಸಲ ಕರೆದಿದ್ದೀಯಾ?"

ಚಿಕ್ಕತಾಯಿ ಮತ್ತೆ ಹೊಳೆಯ ಕಡೆಗೆ ತಿರುಗಿದಳು.

ಹೊತ್ತು ಏರಿತು. ನೆಂಟರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಹೊಟ್ಟೆಗೆ ಯಾವ ನೆಂಟಸ್ತನ? ಸಣ್ಣಬೋರಯ್ಯ ಒಬ್ಬನೇ ಉಳಿದ. ಹೊಳೆಯ ಪಕ್ಕದಲ್ಲೇ ನಿಂತು ಒಂದು ಹನಿ ನೀರು ಮುಟ್ಟಲಿಲ್ಲ. ಕೂತ, ಎದ್ದ, ಮತ್ತೆ ಕೂತ. ದನಿ ಬಿದ್ದುಹೋಗಿತ್ತು. ಆದರೆ ನೀರಿನ ಮೇಲೆ ಮಾತು ದೂರ ಬರುತ್ತದಲ್ಲ.

"ಎಲ್ಲ ಕೊಟ್ಟೆನಲ್ಲವ್ವಾ. ಇನ್ನೇನು ಉಳಿದಿದೆ? ನನ್ನ ಜೀವ ಬೇಕಾ? ಅದನ್ನೂ ತಗೋ."

ಚಿಕ್ಕತಾಯಿಯ ತಲೆಯ ಮೇಲಿನ ಕೊಂಬೆಯಲ್ಲಿ ಒಂದು ಕಾಗೆ ರೆಕ್ಕೆ ಬಿಚ್ಚಿತು.

"ಬೇಡ!" ಅಂದಳು.

ಕಾಗೆ ಹಾರಿತು.

ಅವಳು ಹೊಳೆಗೆ ಧುಮುಕಿದಳು. ಮೊಣಕಾಲಿನ ನೀರು ಆವತ್ತು ಸೊಂಟಕ್ಕೆ ಬಂದಂತಿತ್ತು. ಕಾಗೆಯ ನೆರಳು ನೀರಿನ ಮೇಲೆ ಅವಳ ಪಕ್ಕದಲ್ಲೇ ಸರಿಯುತ್ತಿತ್ತು, ಅವಸರವಿಲ್ಲದೇ. ಎಡವಿದಳು, ಎದ್ದಳು, ಸೀರೆ ಕಾಲಿಗೆ ಸುತ್ತಿತು. ನೆರಳು ಬಂಡೆ ಹತ್ತುವಾಗ ಇವಳ ಕೈಯೂ ಬಂಡೆ ಹಿಡಿಯಿತು. ಎಲೆಗೆ ಕೈ ಹಾಕಿದಳು. ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟಳು.

ತನ್ನ ತಿಥಿಯ ಎಡೆಯನ್ನು ತಾನೇ ಉಂಡಳು! ಎಲ್ಲಾದರೂ ಕೇಳಿದ್ದೀರಾ?

ನೆತ್ತಿಯ ಮೇಲೆ ಕಾಗೆ ಒಂದು ಸುತ್ತು ಹಾಕಿತು. ಇಳಿಯಲಿಲ್ಲ.

"ಅಪ್ಪಾ," ಅಂದಳು ಬಾಯಿ ತುಂಬಿಕೊಂಡು. "ಉಪ್ಪು ಕಡಿಮೆ."

ಸಣ್ಣಬೋರಯ್ಯ ಅವಳ ಕಡೆ ತಿರುಗಲಿಲ್ಲ. ಬಂಡೆಯನ್ನೇ ನೋಡುತ್ತಾ ನಿಂತ. ಬಂಡೆಗೇ ಹೇಳಿದ, "ನಿಮ್ಮವ್ವ ಹೋದ ಮೇಲೆ ಯಾರ ಕೈಗೂ ಉಪ್ಪಿನ ಹದ ಸಿಕ್ಕಿಲ್ಲ."

"ನೀನು ನೀರು ಕುಡಿ."

ಬಗ್ಗಿ ಬೊಗಸೆಯಲ್ಲಿ ಹೊಳೆ ನೀರು ಕುಡಿದ. ಟವೆಲ್ಲಿನಿಂದ ಮುಖ ಒರೆಸಿದ, ತುಂಬಾ ಹೊತ್ತು ಒರೆಸಿದ. ಆಮೇಲೆ ಊರಿನ ಕಡೆ ತಿರುಗಿ, ಯಾರೂ ಇಲ್ಲದ ದಾರಿಗೆ ಕೂಗಿ ಹೇಳಿದ:

"ಕಾಗೆ ಮುಟ್ಟಿತು!"

ಹಾಗೇ ಹೊರಟುಹೋದ. ನೀಲಿ ಸೀರೆಯನ್ನು ಮಾತ್ರ ಎತ್ತಿಕೊಳ್ಳಲಿಲ್ಲ.

ಚಿಕ್ಕತಾಯಿ ಹಿಂತಿರುಗಿ ನೋಡಿದಾಗ ಹುಣಸೆಮರ ಹಸಿರಾಗಿತ್ತು. ಹಾರಿದ ಸದ್ದು ಕೇಳಿರಲಿಲ್ಲ. ಕೆಳಗೆ ಒಂದು ಗರಿಯೂ ಬಿದ್ದಿರಲಿಲ್ಲ.

ಸಂಜೆಯ ಹೊತ್ತಿಗೆ ಎರಡೂ ದಂಡೆಗೆ ಸುದ್ದಿ. ಸತ್ತವಳು ನೀರಿನಿಂದ ಎದ್ದು ಬಂದು ಎಡೆ ತಿಂದಳು ಅಂತ ಆಚೆಯವರು. ಈಚೆಯ ಕಿರಿಸ್ತಾನರ ಹೆಂಗಸರಂತೂ ಮದಲಮ್ಮನ ಅಂಗಳದಲ್ಲೇ ಸೇರಿದರು.

"ತಿಥಿ ಅನ್ನ ತಿಂದವಳಿಗೆ ಜ್ಞಾನಸ್ನಾನವೇ? ಚರ್ಚಿನ ಸ್ವಾಮಿಗಳಿಗೆ ಗೊತ್ತಾದರೆ ಏನಂತಾರೆ?"

"ಅನ್ನ ಹಾಳಾಗಲಿ ಕಣಕ್ಕಾ, ಹಬ್ಬಕ್ಕೆ ಮುಂಚಿನ ಉಪವಾಸದ ತಪಸ್ಸು ಕಾಲದಲ್ಲಿ ಕೋಳಿ! ನಾವು ಇಷ್ಟು ದಿನದಿಂದ ಮೀನು ಕೂಡ ಮೂಸಿಲ್ಲ."

"ಮೊನ್ನೆ ನಿಮ್ಮ ಮನೆಯಿಂದ ಘಮ ಬಂದಿತ್ತಲ್ಲೇ," ಅಂದಳು ಮದಲಮ್ಮ. ಅಂಗಳ ಖಾಲಿಯಾಯಿತು.

ಚಿಕ್ಕತಾಯಿ ಜಪದ ಕೋಣೆಯ ಹೊಸಿಲಿನ ಹೊರಗೆ ನಿಂತಿದ್ದಳು. ಸೀರೆ ಇನ್ನೂ ಪೂರ್ತಿ ಆರಿರಲಿಲ್ಲ. ಬೆರಳಿಗೆ ಸಾರಿನ ವಾಸನೆ. ಕದ ಅರ್ಧ ತೆರೆದಿತ್ತು. ಒಳಗೆ ದೀಪ ಉರಿಯುತ್ತಿತ್ತು, ಯಾರೂ ಹಚ್ಚಿರಲಿಲ್ಲ. ಚಾಪೆಯ ಮೇಲೆ ಯಾರೋ ಈಗಷ್ಟೇ ಎದ್ದು ಹೋದಂತೆ ಒಂದು ತಗ್ಗು.

"ಅಮ್ಮಾ," ಅಂದಳು, "ಸತ್ತವಳಿಗೆ ಇಟ್ಟ ಅನ್ನವನ್ನ ಈ ಬಾಯಲ್ಲೇ ತಿಂದೆ. ಇದೇ ಬಾಯಲ್ಲಿ ಅವನನ್ನೂ ಅಪ್ಪ ಅಂದರೆ, ಒಳಗೆ ಬಿಟ್ಟುಕೊಳ್ತಾನಾ?"

ಪಕ್ಕದ ಗುಡಿಸಲಿಂದ ಮದಲಮ್ಮ ಎದ್ದು ಬಂದು, ಅವಳ ಮುಖಕ್ಕೆ ಮುಖ ಕೊಟ್ಟು ಹೇಳಿದಳು:

"ಹೋಗೇ ಒಳಗೆ. ಸತ್ತು ಎದ್ದು ಬಂದ ಮಕ್ಕಳಿಗೆ ಬಡಿಸಿ ಆ ಅಪ್ಪನಿಗೆ ಅಭ್ಯಾಸವಿದೆ."