ಸೆರೆ ಕಂಡವನಿಗೆ ಕೋವಿಯಿಲ್ಲ

“ಕೇಳಿರಪ್ಪಾ ಕೇಳಿ! ಇಂಗಳಗಿರಿಯ ದೊರೆ ಮಲ್ಲರಸರ ಅಪ್ಪಣೆ! ನರಭಕ್ಷಕ ಚಿರತೆ ಊರ ಬದಿಗೆ ಬಂದಿದೆ. ಬೇಕಾದವರು ಅರಮನೆಯ ಉಗ್ರಾಣದಿಂದ ಕೋವಿ ಪಡೆಯಬಹುದು. ಆದರೆ ಒಮ್ಮೆಯಾದರೂ ಸೆರೆಮನೆ ಕಂಡವನಿಗೆ ಕೋವಿಯಿಲ್ಲ. ಅಂಥವನಿಗೆ ಬೇಕೇ ಬೇಕೆಂದರೆ ಕುಮಾರಿ ಪದುಮಲೆಯವರ ಮೂರು ಒಗಟು ಬಿಡಿಸಲಿ. ತಪ್ಪಿದವನನ್ನು ಹೊತ್ತು ಮುಳುಗುವಾಗ ಹದ್ದಿನಬಂಡೆಯಿಂದ ತಳ್ಳಲಾಗುವುದು!”

ಸುಣ್ಣ ಸುಡುವ ಗಾಳೆಪ್ಪ ಇದನ್ನು ಕೇಳಿ ಕೈಲಿದ್ದ ಸಲಿಕೆಯನ್ನು ನೆಲಕ್ಕೆ ಎಸೆದ.

ಹಿಂದೊಮ್ಮೆ ಅವನು ಅರಮನೆಯ ಗೋಡೆಗೆ ಸುಣ್ಣ ಬಳಿಯಲು ಹೋಗಿದ್ದಾಗ ದೇವರಮನೆಯ ಚಿನ್ನದ ದೀಪ ಕಾಣೆಯಾಗಿತ್ತು. ದೊರೆ ಬೆರಳು ತೋರಿಸಿದ್ದೇ ತಡ, ಭಟರು ಗಾಳೆಪ್ಪನನ್ನು ಬೀದಿಯುದ್ದಕ್ಕೂ ಎಳೆದುಕೊಂಡು ಹೋಗಿ ಸೆರೆಗೆ ಹಾಕಿದರು. ಆಮೇಲೆ ದೀಪ ದೊರೆಯ ಭಾವಮೈದುನನ ಪೆಟ್ಟಿಗೆಯಲ್ಲೇ ಸಿಕ್ಕಿತು. ಗಾಳೆಪ್ಪನನ್ನು ಹಿತ್ತಿಲ ಬಾಗಿಲಿಂದ ಹೊರಗೆ ಬಿಟ್ಟು, “ನಡಿ, ನಡಿ” ಅಂದರು. ಅಷ್ಟೇ.

ಚಿರತೆಯ ಸುಳಿವು ಸಿಕ್ಕ ಹೊಸತರಲ್ಲೇ ಅವನು ಕೋವಿ ಕೇಳಿಕೊಂಡು ಉಗ್ರಾಣಕ್ಕೆ ಹೋಗಿದ್ದ. ಕಾವಲಿನವನು ಮುಖ ನೋಡಿ ನಕ್ಕ. “ದೀಪದ ಕಳ್ಳನಲ್ಲವೇ ನೀನು?”

“ದೀಪ ಸಿಕ್ಕಿತಲ್ಲ. ನನ್ನನ್ನು ಬಿಟ್ಟರಲ್ಲ!”

“ಬಿಟ್ಟಿರಬಹುದು. ಹಿಡಿದಿದ್ದಂತೂ ನಿಜ ತಾನೇ?”

ಗಾಳೆಪ್ಪ ಬರಿಗೈಲಿ ಮನೆಗೆ ಬಂದ. ಆ ವಾರವೇ ಸುಣ್ಣದ ಗೂಡಿನ ಹತ್ತಿರ ಸೌದೆ ಆರಿಸುತ್ತಿದ್ದ ಅವನ ಅಕ್ಕ ದ್ಯಾಮವ್ವನನ್ನು ಚಿರತೆ ಹೊತ್ತುಕೊಂಡು ಹೋಯಿತು. ಅವಳ ಕೂಗು ಕೇಳಿ ಅವನು ಓಡಿದ್ದು ಒಂದು ಬಡಿಗೆ ಹಿಡಿದುಕೊಂಡು.

ಇಂಥವನು ಈ ಡಂಗುರ ಕೇಳಿ ಮನೆಯಲ್ಲಿ ಕೂತಾನೆಯೇ?

ಅರಮನೆಯ ಓಲಗದಲ್ಲಿ ಅವನಿಗಿಂತ ಮೊದಲೇ ಇಬ್ಬರು ನಿಂತಿದ್ದರು. ಒಬ್ಬ ಬೀದಿಜಗಳದಲ್ಲಿ ಒಬ್ಬನ ಕೈ ಮುರಿದು ಸೆರೆಯಾಗಿದ್ದ ಸೆಟ್ಟಿಯ ಮಗ ಅಂಕಣ್ಣ. ಇನ್ನೊಬ್ಬ ಮುದಿ ಬೇಟೆಗಾರ ಬೊಮ್ಮಯ್ಯ. ಅರಮನೆಯ ಜಿಂಕೆ ಹೊಡೆದನೆಂದು ಅವನನ್ನು ಹಿಡಿದಿದ್ದರು, ಹೊಡೆದವನು ಬೇರೆಯವನೆಂದು ಗೊತ್ತಾದ ಮೇಲೆ ಬಿಟ್ಟಿದ್ದರು.

ದೊರೆಯ ಮಗಳು ಪದುಮಲೆ ಮೊದಲ ಒಗಟು ಹೇಳಿದಳು. “ಕಟ್ಟಿದವನೇ ಬಿಚ್ಚಿದರೂ ಬಿಚ್ಚಿಕೊಳ್ಳದ ಗಂಟು ಯಾವುದು?”

“ಮದುವೆಯ ಗಂಟು!” ಎಂದ ಅಂಕಣ್ಣ, ಮೀಸೆ ತೀಡುತ್ತಾ.

“ಅಲ್ಲ.” ಭಟರು ಅವನ ರಟ್ಟೆ ಹಿಡಿದರು.

ಬೊಮ್ಮಯ್ಯ ಬಹಳ ಹೊತ್ತು ತಲೆ ಕೆರೆದುಕೊಂಡ. “ನಾನು ಓದು ಬರಹ ಕಂಡವನಲ್ಲ ತಾಯಿ. ಆ ಜಿಂಕೆಯನ್ನು ನಾನು ಹೊಡೆದಿರಲಿಲ್ಲ, ಅಷ್ಟು ಮಾತ್ರ ಗೊತ್ತು. ಬೇಟೆಯ ಬಲೆ ಇರಬಹುದೇ?”

“ಅಲ್ಲ.” ಮುದುಕನನ್ನೂ ಎಳೆದೊಯ್ದರು. ಎಡವುತ್ತಿದ್ದ ಅವನ ಕಾಲನ್ನೇ ಗಾಳೆಪ್ಪ ನೋಡುತ್ತ ನಿಂತ.

“ನಿನ್ನ ಉತ್ತರ?” ಎಂದಳು ಪದುಮಲೆ.

“ಗುಮಾನಿ,” ಎಂದ ಗಾಳೆಪ್ಪ. “ಬೇಡಿ ತೊಡಿಸಿದವರೇ ಬಿಚ್ಚಿದರು. ಇವತ್ತಿಗೂ ನಾನು ಅಂಗಡಿ ಹೊಕ್ಕರೆ ಜನ ಗಂಟು ಮೂಟೆ ಒಳಗೆಳೆದುಕೊಳ್ಳುತ್ತಾರೆ.”

ಅವಳು ತಲೆದೂಗಿದಳು. “ಒಂದೇ ತಾಯಿಗೆ ಇಬ್ಬರು ಮಕ್ಕಳು. ಹಿರಿಯ ಕುದುರೆಯೇರಿ ಊರೂರು ಸುತ್ತುತ್ತಾನೆ. ಕಿರಿಯ ಕುಂಟ, ಹೊಸ್ತಿಲೂ ದಾಟುವುದಿಲ್ಲ. ಯಾರವರು?”

“ಹಿರಿಯ ಹಿಡಿದ ಸುದ್ದಿ, ಕಿರಿಯ ಬಿಟ್ಟ ಸುದ್ದಿ. ಎರಡೂ ಹುಟ್ಟಿದ್ದು ಈ ಅರಮನೆಯಲ್ಲೇ. ನನ್ನನ್ನು ಎಳೆದೊಯ್ದಾಗ ಊರಿಗೆ ಊರೇ ನೋಡಿತು. ಬಿಟ್ಟದ್ದನ್ನು ನೋಡಿದ್ದು ಹಿತ್ತಿಲ ನಾಯಿ.”

ಸಭೆಯಲ್ಲಿ ಯಾರೋ ನಕ್ಕು, ದೊರೆಯ ಮುಖ ಕಂಡು ಬಾಯಿ ಮುಚ್ಚಿಕೊಂಡರು.

“ಕೊನೆಯದು. ಗುರಿ ತಪ್ಪಿದಾಗಲೇ ಹೆಚ್ಚು ಜನರನ್ನು ಕೊಲ್ಲುವ ಆಯುಧ ಯಾವುದು?”

ಉತ್ತರ ಗಾಳೆಪ್ಪನ ನಾಲಿಗೆಯ ತುದಿಗೇ ಬಂದಿತ್ತು. ಆಡಿದರೆ ತಲೆ ಹೋಗಬಹುದು, ಆಡದಿದ್ದರೂ ಹೋಗುತ್ತದೆ. ಅವನು ದೊರೆಯತ್ತ ತಿರುಗಿ ನೇರವಾಗಿ ನೋಡಿದ.

“ದೊರೆಯ ತೋರುಬೆರಳು! ಅದು ಕಳ್ಳನಿಗೆ ತಾಗಿದ್ದರೆ ಒಬ್ಬನಿಗೆ ಶಿಕ್ಷೆಯಾಗಿ ಮುಗಿಯುತ್ತಿತ್ತು. ಗುರಿ ತಪ್ಪಿ ನನಗೆ ತಾಗಿತು. ಅದರಿಂದ ನನಗೆ ಕೋವಿ ಸಿಗಲಿಲ್ಲ, ಕೋವಿಯಿಲ್ಲದೆ ನನ್ನಕ್ಕ ಸತ್ತಳು. ಚಿರತೆ ಹಸಿವಿಗೆ ಕೊಂದಿತು ಸ್ವಾಮಿ. ನೀವು ಯಾತಕ್ಕೆ ಕೊಂದಿರಿ?”

ಭಟರು ಕತ್ತಿ ಹಿರಿದರು. ಪದುಮಲೆ ಎದ್ದು ಅಡ್ಡ ನಿಂತಳು. “ಮೂರೂ ಸರಿ! ತಪ್ಪಿಲ್ಲದೆ ಸೆರೆ ಕಂಡವನಿಗೆ ಮಾತ್ರ ತಿಳಿಯುವ ಒಗಟುಗಳಿವು. ಇಂಥವರನ್ನು ಹೆಕ್ಕಿ ತೆಗೆಯಬೇಕೆಂದೇ ನಾನು ಇವನ್ನು ಕಟ್ಟಿದೆ. ಇವನಿಗೆ ಕೋವಿ ಕೊಡಿ.”

ಅವಳು ಮೆಚ್ಚುಗೆಯಿಂದ ನಗುತ್ತಿದ್ದಳು. ಗಾಳೆಪ್ಪನ ಮೈ ಉರಿದುಹೋಯಿತು.

“ಹಾಗಾದರೆ ಬೊಮ್ಮಯ್ಯ? ಅವನು ಜಿಂಕೆ ಹೊಡೆದಿಲ್ಲವೆಂದು ನಿಮ್ಮವರೇ ಹೇಳಿ ಬಿಟ್ಟರು. ನನಗೆ ಒಗಟು ಬಿಡಿಸಲು ಬಂತು, ಅವನಿಗೆ ಬರಲಿಲ್ಲ. ಒಗಟು ಬಾರದವನೆಲ್ಲ ಕಳ್ಳನೇ? ಆ ಅಂಕಣ್ಣ ಕೈ ಮುರಿದದ್ದು ನಿಜ, ಅವನಿಗೆ ಕೋವಿ ಕೊಡಬೇಡಿ. ಆದರೆ ಉತ್ತರ ತಪ್ಪಿದ್ದಕ್ಕೆ ಬಂಡೆಯಿಂದ ತಳ್ಳುತ್ತೀರಾ? ಅವರನ್ನು ಬಿಡದೆ ನಿಮ್ಮ ಕೋವಿ ನಾನು ಮುಟ್ಟುವುದಿಲ್ಲ.”

ಪದುಮಲೆಯ ನಗು ಮಾಯವಾಯಿತು.  ಅವಳು ತಂದೆಯ ಕಡೆ ತಿರುಗಿ, “ಇವನು ಹೇಳಿದ್ದು ನಿಜ. ನನ್ನದೂ ತಪ್ಪೇ,” ಎಂದಳು.

ಕತ್ತಿ ಇಳಿಸುವಂತೆ ಮಲ್ಲರಸ ಭಟರಿಗೆ ಸನ್ನೆ ಮಾಡಿದ. ಆಮೇಲೆ, “ಇಬ್ಬರನ್ನೂ ಬಿಡಿ. ಗಾಳೆಪ್ಪ ನಿರಪರಾಧಿಯೆಂದು ಊರಲ್ಲೆಲ್ಲ ಸಾರಿಸಿ,” ಎಂದ.

“ಸಾರಿಸಿ. ಕೇಳಿ ಸಂತೋಷಪಡಬೇಕಾದವಳು ಇಲ್ಲ,” ಎಂದ ಗಾಳೆಪ್ಪ.

ಮರುದಿನ ಅವನೂ ಬೊಮ್ಮಯ್ಯನೂ ಗುಡ್ಡ ಹತ್ತಿದರು. ಕಲ್ಲುಗವಿಯ ಬಾಯಲ್ಲಿ ಚಿರತೆ ಕಂಡಾಗ ಗಾಳೆಪ್ಪ ಸಿಟ್ಟಿನಲ್ಲಿ ಗುರಿ ಹಿಡಿಯಲಾರದಾದ. ಅವನು ಕೋವಿಯನ್ನು ಮುದುಕನಿಗೆ ಕೊಟ್ಟ. ಬೊಮ್ಮಯ್ಯ ಉಸಿರು ಬಿಗಿಹಿಡಿದು ಹೊಡೆದ. ಪ್ರಾಣಿ ಬಿದ್ದಲ್ಲಿಂದ ಏಳಲಿಲ್ಲ. ಗಾಳೆಪ್ಪ ಅದರ ಪಕ್ಕದಲ್ಲೇ ಕುಕ್ಕರಿಸಿ, ಅಕ್ಕ ಸತ್ತ ಮೇಲೆ ಮೊದಲ ಬಾರಿ ಅತ್ತ.

ದೊರೆ ಅವನನ್ನು ಉಗ್ರಾಣದ ಅಧಿಕಾರಿಯಾಗಿ ಮಾಡಿದ. ಕೋವಿ ಬೇಡಿ ಬಂದವರನ್ನು, “ಹಿಡಿದಿದ್ದರೇ?” ಎಂದು ಗಾಳೆಪ್ಪ ಒಮ್ಮೆಯೂ ಕೇಳಲಿಲ್ಲ. “ತಪ್ಪು ರುಜುವಾಯಿತೇ?” ಎಂದು ಕೇಳುತ್ತಿದ್ದ. ರುಜುವಾಗಿದ್ದರೆ ಇಲ್ಲ, ಆಗಿಲ್ಲದಿದ್ದರೆ ಉಂಟು. ಅರಮನೆಯವರು ಎದುರಾದಾಗ ಮಾತ್ರ ಅವನು ನಕ್ಕದ್ದನ್ನು ಯಾರೂ ಕಾಣಲಿಲ್ಲ.